ರೊಟ್ಟಿ ಬಡಿಯುವ ತಾಳ

“ಯವ್ವಾ, ಇನ್ನೊಂದ್ಸಲ ಬಡಿಯಬೇ. ನಡುವ ಆಯಿ ಕೆಮ್ಮಿಬಿಟ್ಲು.”

ರೋಜಾ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ತಾನೂ ಉಸಿರು ಬಿಗಿಹಿಡಿದು ಒಲೆಯ ಮಗ್ಗುಲಲ್ಲಿ ಕುಳಿತಿದ್ದಳು. ಸಾವಿತ್ರೆವ್ವ ಮಗಳ ಮುಖ ನೋಡಿದಳು, ಫೋನಿನ ಮುಖ ನೋಡಿದಳು, ಮತ್ತೊಂದು ಉಂಡೆ ಹಿಟ್ಟು ಮುರಿದುಕೊಂಡಳು.

“ಮಂದಿ ಮಕ್ಕಳು ಅವ್ವನ ಫೋಟೋ ಹೊಡೀತಾವು. ಇದು ನನ್ನ ಕೈ ಸಪ್ಪಳ ತುಂಬ್ಕೊಂಡು ಹೊಂಟೈತಿ ನೋಡು!”

“ನಿನ್ನ ಕೈಯಾಗ ತಾಳ ಐತಿ ಯವ್ವಾ. ಮಷೀನಿಗೂ ಹಂಗ ಬರೂದಿಲ್ಲ.”

“ತಾಳ ಅಲ್ಲಬೇ ಅದು, ಗಡಿಬಿಡಿ. ಸಾಲಿ ಮಕ್ಕಳಿಗೆ ಅನ್ನಾ ಸಾರು ಮಾಡಾಕ ಯಾರ್ ಹೋಗಬೇಕು? ನಿಮ್ಮಪ್ಪೇನು?”

ಅಂದಳಾದರೂ ಬಡಿದಳು. ತಪ್ ತಪ್ ತಪ್, ಒಂದು ತಿರುವು. ತಪ್ ತಪ್ ತಪ್, ಒಂದು ತಿರುವು. ರೊಟ್ಟಿ ಕೈಯ ಕೆಳಗೆ ದುಂಡಗೆ ಹಿಗ್ಗುತ್ತ ಹೋಯಿತು. ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ಹೊಟ್ಟೆ ಉಬ್ಬಿಸಿ ಮೇಲೆದ್ದ ಮೊದಲ ರೊಟ್ಟಿಯನ್ನು ಸಾವಿತ್ರೆವ್ವ ಯಾರ ತಾಟಿಗೂ ಹಾಕಲಿಲ್ಲ. ಗೋಡೆಯ ಮಾಡದಲ್ಲಿದ್ದ ಫಕೀರೇಶನ ಫೋಟೋದ ಮುಂದೆ ಇಟ್ಟಳು. ದಿನಾ ಹಾಗೆಯೇ. ಎಲ್ಲರ ಊಟ ಮುಗಿದ ಮೇಲೆ ಆ ರೊಟ್ಟಿ ಓಣಿಯ ಆಕಳಿಗೆ ಹೋಗುತ್ತಿತ್ತು.

ಫಕೀರೇಶ ಮನೆಯ ಹಿರಿಮಗ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಬೈಕಿನ ಮೇಲೆ ಬರುತ್ತಿದ್ದವನಿಗೆ ಟಿಪ್ಪರು ಬಡಿದು, ಮನೆಗೆ ಬಂದದ್ದು ಬಟ್ಟೆ ಸುತ್ತಿದ ಮೈ. ಅವನ ಕೆಳಗೆ ಸೀಮಾ, ಅವಳ ಕೆಳಗೆ ರೋಜಾ. ಅಪ್ಪ ಹೊಳೆಯಪ್ಪ ಗೂಡ್ಸ್ ಗಾಡಿ ಓಡಿಸುತ್ತಾನೆ; ಉಳ್ಳಾಗಡ್ಡಿ, ಹತ್ತಿ, ಶೇಂಗಾ, ಯಾರದ್ದೋ ಮನೆಯ ತಿಜೋರಿ, ಏನು ಬಂದರೂ ಸೈ. ಹೊಸ್ತಿಲ ಬಳಿ ಗೋಡೆಗೆ ಬೆನ್ನು ಕೊಟ್ಟು ಕೆಮ್ಮುತ್ತ ಕೂತವಳು ಅವನ ತಾಯಿ ಹನಮವ್ವ.

ಈ ಹನಮವ್ವ ಸಾಮಾನ್ಯದವಳಲ್ಲ. ಶಿರಹಟ್ಟಿಯ ಆ ಓಣಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಅವಳನ್ನು ಕರೆಯುತ್ತಿದ್ದರು. ಹೆಣದ ಸುತ್ತ ಹೆಂಗಸರು ಕೂತು ಸತ್ತವರ ಗುಣ, ಅವರು ಉಂಡದ್ದು ಉಟ್ಟದ್ದು, ಕೊಟ್ಟ ಮಾತು, ಬಿಟ್ಟುಹೋದ ಕೆಲಸ ಎಲ್ಲ ಹೆಸರಿಟ್ಟು ರಾಗ ಎಳೆದು ಅಳುತ್ತಾರಲ್ಲ, ಹಾಡ್ಯಾಡಿ ಅಳುವುದು ಅಂತ, ಅದಕ್ಕೆ ಮುಂದಾಳು ಅವಳೇ. ಅವಳು ಒಂದು ಸಾಲು ಎತ್ತಿದರೆ ಅಳಬಾರದೆಂದು ಹಲ್ಲು ಕಚ್ಚಿ ಕೂತ ಸೊಸೆಯಂದಿರೂ ಕರಗಿ ಬೀಳುತ್ತಿದ್ದರು. ಗಂಡಸರದು ಇದರಲ್ಲಿ ಏನೂ ಇಲ್ಲ. ಅವರು ಹೊರಗೆ ಬಿದಿರು ಕಟ್ಟುತ್ತ, ಬೀಡಿ ಸೇದುತ್ತ, ಒಳಗೆ ದನಿ ನಿಂತಿತೆಂದರೆ ಎತ್ತುವ ಹೊತ್ತಾಯಿತು ಅಂತ ತಿಳಿಯುವವರು.

“ಸಾವಿತ್ರೀ, ನಾ ಸತ್ತ ದಿನ ನೀ ಹಾಡಬೇಕ ನೋಡು,” ಎಂದು ಹನಮವ್ವ ಅವತ್ತೂ ಶುರುಮಾಡಿದಳು. “ಊರ ಹೆಣಕ್ಕೆಲ್ಲಾ ಅತ್ತಾಕಿ ನಾನು. ನನ್ನ ಸತ್ತ ನಾಯಿ ಎಳದಂಗ ಸುಮ್ನ ಒಯ್ಯಬ್ಯಾಡ್ರಿ.”

“ಮುಂಜಾನೆದ್ದು ಅದೇನ್ ಮಾತ್ರೀ ಅತ್ತೀ! ನನಗೇನ್ ಬರತೈತಿ? ಒಂದ ರಾಗ ಬರತೈತಿ.”

“ಒಂದ ಸಾಕು. ಅದನ್ನ ಹಾಡು.”

ಆ ಒಂದು ರಾಗ ಯಾವುದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಫಕೀರೇಶನನ್ನು ತಂದು ಮಲಗಿಸಿದ ದಿನ ಮೊಮ್ಮಗನ ಮುಂದೆ ಹನಮವ್ವನ ಗಂಟಲು ಕಟ್ಟಿಹೋಗಿತ್ತು. ಜೀವಮಾನದಲ್ಲಿ ಯಾವ ಸಾವಿನ ಮನೆಯಲ್ಲೂ ದನಿ ಎತ್ತದ ಸಾವಿತ್ರೆವ್ವ ಅಂದು ತಾನೇ ಎತ್ತಿದ್ದಳು. ಸೀಮಾ ಅವಳ ಮಗ್ಗುಲಲ್ಲೇ ಕೂತಿದ್ದಳು. ರೋಜಾ ಮಾತ್ರ ಅಣ್ಣನ ಮುಖ ನೋಡಿದ್ದೇ ಎಚ್ಚರ ತಪ್ಪಿ ಬಿದ್ದವಳು. ಪಕ್ಕದ ಮನೆಯ ಮೋತಿಬಿ ಅವಳನ್ನು ಒಳಕೋಣೆಗೆ ಒಯ್ದು ತೊಡೆಯ ಮೇಲೆ ಮಲಗಿಸಿಕೊಂಡು ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದಳು. ಅಂದಿನದು ಏನು ನೆನಪೈತಿ ಅಂತ ಕೇಳಿದರೆ ರೋಜಾ ಉಳ್ಳಾಗಡ್ಡಿ ವಾಸನೆ ಅನ್ನುತ್ತಾಳೆ, ಅಷ್ಟೇ.

“ಆತೇನ ನಿಂದು?” ಎಂದು ಸೀಮಾ ಜಡೆ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. “ಬಸ್ ಹೋಗತೈತಿ.”

“ಬುತ್ತಿ ಕಟ್ತೀನಿ ತಡೀರಿ. ಖಾಲಿ ಹೊಟ್ಟಿಲೆ ಏನ್ ಹಾಡ್ತೀರಿ?” ಸಾವಿತ್ರೆವ್ವ ಬಿಸಿ ರೊಟ್ಟಿ, ಜುಣಕ, ಶೇಂಗಾ ಚಟ್ನಿ ಅರಿವೆಯಲ್ಲಿ ಸುತ್ತಿ ಕೊಟ್ಟಳು. “ಛಲೋ ಹಾಡ್ರಿ. ಹೊಳೆಯಪ್ಪನ ಹುಡುಗ್ಯಾರು ಅಂತ ಹೇಳಿದ್ರ ಮಂದಿ ಬಾಯಿ ಮುಚ್ಚಬೇಕು.”

ಅಕ್ಕತಂಗಿಯರು ಲಗ್ನದ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದರು. ಹೆಸರು ಶಿರಹಟ್ಟಿ ಸಿಸ್ಟರ್ಸ್, ಅಪ್ಪನೇ ಇಟ್ಟದ್ದು. ಆದರೆ ಬೇರೆಯವರ ಹಾಡು ಎಷ್ಟು ದಿನ ಹಾಡುವುದು? ಸ್ವಂತದ್ದು ಒಂದು ಬೇಕು, ಡಿಜೆಗೆ ಹಾಕಿದರೆ ಹುಡುಗರು ಅಂಗಿ ಬಿಚ್ಚಿ ಕುಣಿಯುವಂಥದ್ದು. ಅದಕ್ಕೇ ಈ ಬೆಟಗೇರಿ ಪ್ರಯಾಣ.

ಅಝೀಮನ ಸ್ಟುಡಿಯೋ ಎಂದರೆ ಮಗ್ಗದ ಓಣಿಯ ಒಂದು ಅಟ್ಟದ ಕೋಣೆ. ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ್ದ. ಕೆಳಗೆ ಮಗ್ಗ ನಡೆಯುವಾಗ ಹಾಡು ತುಂಬುವ ಹಾಗಿಲ್ಲ. ನೇಕಾರರು ಚಹಾಕ್ಕೆ ಏಳಬೇಕು, ಇವನು ಗುಂಡಿ ಒತ್ತಬೇಕು. ರೋಜಾಳ ಫೋನಿನಿಂದ ರೊಟ್ಟಿ ಸಪ್ಪಳ ಕಂಪ್ಯೂಟರಿಗೆ ಹಾಕಿ, ಒಂದಿಷ್ಟು ಕತ್ತರಿಸಿ, ಒಂದಿಷ್ಟು ಜೋಡಿಸಿ, ಕೆಳಗೆ ದಪ್ಪ ಬೇಸು ಕೊಟ್ಟು ಕೇಳಿಸಿದಾಗ ಅವನಿಗೇ ಕುರ್ಚಿಯ ಮೇಲೆ ಕೂರಲಾಗಲಿಲ್ಲ.

“ವಾಹ್ ತಂಗೀ! ನಿಮ್ಮವ್ವನ ಕರಕೊಂಡು ಬಾ, ಡ್ರಮ್ಸಿಗೆ ಇಟಗೋತೀನಿ.”

ತಾಳವೇನೋ ಬಂತು. ಆದರೆ ಅವರು ಬರೆದುಕೊಂಡು ಬಂದ ಹಾಡು ಕೇಳಿ ಅವನ ಮುಖ ಸಪ್ಪಗಾಯಿತು.

“ಎಲ್ಲಾ ಐತಿ, ಹುಕ್ ಇಲ್ಲ. ಮಂದಿ ಬಾಯಾಗ ಹೋಗಿ ಕುಂಡ್ರೂ ಒಂದ ಸಾಲು ಬೇಕು. ಬಚ್ಚಲದಾಗ ಹಾಡಬೇಕು, ಬಸ್ಸಿನಾಗ ಹಾಡಬೇಕು. ಅಂಥಾದ್ದು ಐತೇನು?”

ಇಬ್ಬರೂ ಅದನ್ನು ಹಾಡಿದರು, ಇದನ್ನು ಹಾಡಿದರು. ಅಝೀಮ ತಲೆ ಅಲ್ಲಾಡಿಸಿದ. ಕೆಳಗೆ ಚಹಾ ಮುಗಿಯುತ್ತ ಬಂದಿತ್ತು. ರೊಟ್ಟಿ ಸಪ್ಪಳ ಒಂದೇ ಸಮನೆ ತಿರುಗುತ್ತಿತ್ತು, ತಪ್ ತಪ್ ತಪ್. ರೋಜಾ ಕಣ್ಣು ಮುಚ್ಚಿದಳು. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

“ರೊಟ್ಟಿ ಆರಿ ಹೊಂಟಾವೋ ನನ್ನಪ್ಪಾ,
ಉಣ್ಣಾಕ ಯಾವಾಗ ಬರತೀಯೋ…”

ಅಝೀಮ ಕುರ್ಚಿಯಿಂದ ಎದ್ದೇಬಿಟ್ಟ. “ಏ, ಏ! ಇದ! ಎಲ್ಲಿತ್ತಿದು ಇಷ್ಟೊತ್ತನಕ? ಆದರ ‘ನನ್ನಪ್ಪಾ’ ಬ್ಯಾಡ, ಕುಣಿಯಾಕ ಕುಂಡ್ರಂಗಿಲ್ಲ. ‘ಹುಡುಗಾ’ ಅನ್ನು.”

“ರೊಟ್ಟಿ ಆರಿ ಹೊಂಟಾವೋ ಹುಡುಗಾ,” ಎಂದು ರೋಜಾ ನಕ್ಕಳು. “ಬಾಗಲ ತೆರದ ಕುಂತೇನೋ ಹುಡುಗಾ… ಅಕ್ಕಾ, ನೀನೂ ಸೇರಬೇ.”

ಸೀಮಾ ಮೈಕಿನ ಮುಂದೆ ಕಲ್ಲಿನ ಹಾಗೆ ನಿಂತಿದ್ದಳು. ಓಢಣಿಯ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಯಾಕಕ್ಕಾ?”

“ಏನಿಲ್ಲ. ಹಾಡು.”

ಬರುವಾಗ ಬಸ್ಸಿನಲ್ಲಿ ರೋಜಾ ಕಿಟಕಿಯ ಗಾಳಿಗೆ ಅದನ್ನೇ ಗುನುಗುತ್ತಿದ್ದಳು. “ಎಲ್ಲೋ ಕೇಳಿದ್ದ ಐತಿ, ಅಕ್ಕಾ. ನೆನಪಾಗವಲ್ದು.”

“ನೆನಪು ಮಾಡ್ಕೋಬ್ಯಾಡ,” ಎಂದಳು ಸೀಮಾ, ಬುತ್ತಿ ಬಿಚ್ಚಿ ತಂಗಿಯ ಕೈಗೆ ಅರ್ಧ ರೊಟ್ಟಿ ಕೊಡುತ್ತ.

ಹಾಡನ್ನು ಇಂಟರ್ನೆಟ್ಟಿಗೆ ಬಿಟ್ಟರು. ಮೊದಲು ಓಣಿಯವರು ನೋಡಿದರು, ಆಮೇಲೆ ಗದಗಿನವರು, ಆಮೇಲೆ ಯಾರ‍್ಯಾರೋ. ಹೊಳೆಯಪ್ಪನ ಕಾಲು ನೆಲಕ್ಕೆ ತಾಗದಾದವು. ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲೇ ಶುರು.

“ಇವತ್ತ ಹೊಂಬಳಕ್ಕ ಹೋಗಿದ್ನಲ್ಲಾ, ಗಾಡ್ಯಾಗ ನಿಮ್ಮ ಹಾಡು ಹಚ್ಚೇನಿ, ಎದುರು ಟ್ರ್ಯಾಕ್ಟರ್ ಬಂತು. ಆ ಡ್ರೈವರ್ ಟ್ರ್ಯಾಕ್ಟರ್ ಬಂದ್ ಮಾಡಿ ಇಳದು ಕುಣದಾ! ನಾ ಹೇಳಿದೆ, ಲೇ, ನನ್ನ ಮಕ್ಕಳೋ ಅವ್ರು! ಅವಾ ನನ್ನ ಕಾಲಿಗೆ ಬಿದ್ದಾ!”

“ಕುಡದಿದ್ನೇನೋ,” ಎಂದಳು ಹನಮವ್ವ ಭಜಿ ಮುರಿಯುತ್ತ.

“ಕುಡದ್ರೂ ಬಿದ್ದದ್ದು ಖರೆ ಐತಲ್ಲ. ಸಾವಿತ್ರೀ, ನೀನ ಇನ್ನೂ ಕೇಳಿಲ್ಲ ನೋಡು. ತಡಿ, ಹಚ್ತೀನಿ.”

ಸೀಮಾ ಅಪ್ಪನ ಕೈಯಿಂದ ಫೋನು ಕಸಿದುಕೊಂಡಳು. “ಉಣ್ಣೂ ಮುಂದ ಬ್ಯಾಡಪಾ. ಆಯಿಗೆ ತಲಿ ನೋಯ್ತೈತಿ.”

“ನನ್ನ ತಲಿಗೇನಾಗೇತಿ?” ಎಂದಳು ಹನಮವ್ವ.

ಹೀಗೇ ಒಂದಲ್ಲ ಒಂದು ನೆವ ಹೇಳಿ ಸೀಮಾ ಅವ್ವನ ಕಿವಿಗೆ ಹಾಡು ಬೀಳದಂತೆ ನೋಡಿಕೊಂಡಳು. ಫೋನಿನ ಚಾರ್ಜು ಮುಗಿದಿತ್ತು, ಸ್ಪೀಕರ್ ಕೆಟ್ಟಿತ್ತು, ಇಲ್ಲವೇ ಧಾರಾವಾಹಿಯ ಹೊತ್ತು ಮೀರುತ್ತಿತ್ತು. ರೋಜಾಳಿಗೆ ತಿಳಿಯಲಿಲ್ಲ. ಅಕ್ಕನಿಗೆ ದೃಷ್ಟಿ ತಾಗೀತೆಂಬ ಹೆದರಿಕೆ ಇರಬೇಕು ಅಂದುಕೊಂಡಳು. ಸಾವಿತ್ರೆವ್ವನಿಗೂ ಅವಸರವಿರಲಿಲ್ಲ. ಶಾಲೆಯಲ್ಲಿ ಮಕ್ಕಳ ಊಟ ಬೇಯಿಸಿ, ಬಂದು ಇಲ್ಲಿ ಬೇಯಿಸಿ, ಅತ್ತೆಗೆ ಕಷಾಯ ಕುದಿಸಿ ಕೊಡುವುದರಲ್ಲಿ ದಿನ ಹೋಗುತ್ತಿತ್ತು. ಹಾಡೆಲ್ಲಿ ಓಡಿಹೋಗುತ್ತದೆ?

ಓಡಿಹೋಗಲಿಲ್ಲ. ಮನೆಯ ಮುಂದೆಯೇ ಬಂತು. ನೆರೆಯ ಪುಂಡಲೀಕಪ್ಪನ ಮಗನ ಮದುವೆಯ ಮೆರವಣಿಗೆ ಓಣಿಗೆ ತಿರುಗಿದಾಗ ಇನ್ನೂ ಬೆಳಕಿತ್ತು. ಗಾಡಿಯ ತುಂಬ ಸ್ಪೀಕರು, ಹಿಂದೆ ಹುಡುಗರ ದಂಡು, ಕಿಟಕಿಯ ಸರಳು ಗಡಗಡ ಅನ್ನುವಷ್ಟು ಸಪ್ಪಳ. ಮೋತಿಬಿ ಹೊರಗಿನಿಂದ ಕೂಗಿದಳು.

“ಸಾವಿತ್ರೆವ್ವಾ! ಹೊರಗ ಬಾ! ನಿನ್ನ ಮಕ್ಕಳ ಹಾಡು ಹಚ್ಯಾರ!”

ಸಂಜೆಯ ರೊಟ್ಟಿಗೆ ಕೂತಿದ್ದ ಸಾವಿತ್ರೆವ್ವ ಹಂಚಿನ ಮೇಲಿನದನ್ನು ಹಾಗೆಯೇ ಬಿಟ್ಟು, ಹಿಟ್ಟಿನ ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಹನಮವ್ವ. ಪಕ್ಕದಲ್ಲಿ ರೋಜಾ, ಹಿಗ್ಗಿನಿಂದ ನಿಂತಲ್ಲಿ ನಿಲ್ಲಲಾರದವಳು.

ಮೊದಲು ರೊಟ್ಟಿ ಸಪ್ಪಳ. ತಪ್ ತಪ್ ತಪ್, ಒಂದು ತಿರುವು. ಇಡೀ ಓಣಿಗೆ ಬಡಿಯುವಂತೆ.

“ಅಯ್ಯ, ನನ್ನ ಕೈ!” ಎಂದು ಸಾವಿತ್ರೆವ್ವ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಹಿಟ್ಟು ಮೆತ್ತಿದ ಎರಡೂ ಅಂಗೈ ಮೋತಿಬಿಗೆ ತೋರಿಸಿದಳು. “ಇದ ಕೈ ನೋಡಬೇ!”

ಆಮೇಲೆ ದನಿ ಬಂತು.

*ರೊಟ್ಟಿ ಆರಿ ಹೊಂಟಾವೋ ಹುಡುಗಾ,*
*ಉಣ್ಣಾಕ ಯಾವಾಗ ಬರತೀಯೋ…*

ಸಾವಿತ್ರೆವ್ವನ ಕೈಗಳು ಎತ್ತಿದಲ್ಲೇ ಉಳಿದವು. ಹುಡುಗರು ಕೇಕೆ ಹಾಕಿದರು. ಒಬ್ಬ ಇನ್ನೊಬ್ಬನ ಹೆಗಲೇರಿದ. ಫಕೀರೇಶನ ಜೊತೆಗಾರ ಸೋಮೇಶ ಬೆವರಿಳಿಸುತ್ತ ಕುಣಿಯುತ್ತಿದ್ದವನು ಇವಳನ್ನು ಕಂಡು ಬಾಗಿಲ ತನಕ ಬಂದ. ಫಕೀರೇಶನನ್ನು ಹೊತ್ತವರಲ್ಲಿ ಅವನೂ ಒಬ್ಬ.

“ಕಾಕೀ, ನೀವೂ ಬರ್ರಿ! ನಿಮ್ಮ ಮನಿ ಹಾಡು, ಒಂದ ಹೆಜ್ಜಿ ಹಾಕ್ರಿ!”

*ಬಾಗಲ ತೆರದ ಕುಂತೇನೋ ಹುಡುಗಾ…*

“ಸಾವಿತ್ರೀ,” ಎಂದಳು ಹನಮವ್ವ, ಸೊಸೆಯ ಸೀರೆಯ ಅಂಚು ಹಿಡಿದೆಳೆದು. “ಇದು ನಮ್ಮ ಫಕೀರಂದಲ್ಲೇನ?”

ರೋಜಾಳ ಕಾಲು ಆಗ ನಿಂತಿತು. ಮೂಗಿಗೆ ಎಲ್ಲಿಂದಲೋ ಉಳ್ಳಾಗಡ್ಡಿಯ ವಾಸನೆ ಬಡಿಯಿತು. ಗೋಡೆಯಾಚೆಯಿಂದ ಅವ್ವನ ದನಿ. ಇದೇ ಸಾಲು, ಮೆಲ್ಲಗೆ, ಒಂದೊಂದು ಮಾತೂ ಕಿತ್ತು ಕಿತ್ತು ಬರುತ್ತಿದ್ದ ಹಾಗೆ.

ಒಳಗೆ ರೊಟ್ಟಿ ಹೊತ್ತಿದ ಹೊಗೆ. ಸಾವಿತ್ರೆವ್ವ ತಿರುಗಿ ಹೋಗಿ ಗ್ಯಾಸ್ ಆರಿಸಿದಳು. ಕಲಸಿದ ಹಿಟ್ಟನ್ನು ಒಯ್ದು ಆಕಳಿನ ಮುಂದೆ ಇಟ್ಟಳು. ಕೈ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ಅಂದು ಮನೆಯಲ್ಲಿ ರೊಟ್ಟಿ ಆಗಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಅನ್ನ, ಸಾರು.

ಹೊಳೆಯಪ್ಪ ಒಂದಿಷ್ಟು ದಿನ ತಡೆದ. ಆಮೇಲೆ ತಾಟು ಸರಿಸಿದ.

“ಅನ್ನಾ ಉಂಡು ಗಾಡಿ ಹೊಡಿಯಾಕ ಆಗೂದಿಲ್ಲ ನನಗ. ಹೊಲದ ರಸ್ತೆ ಮುಟ್ಟೂದ್ರಾಗ ಹಸಿವು. ರೊಟ್ಟಿ ಯಾಕಿಲ್ಲ?”

“ಕೈ ನೋಯ್ತಾವು.”

“ದವಾಖಾನಿಗೆ ನಡಿ.”

“ದವಾಖಾನ್ಯಾಗ ವಾಸಿ ಆಗೂ ನೋವಲ್ಲ.”

“ಒಗಟು ಹಾಕಬ್ಯಾಡ ನನ್ನ ಮುಂದ! ಏನಾಗೇತಿ ಈ ಮನಿಗೆ? ಹೊರಗ ಮಂದಿ ಹೊಗಳಾಕ್ಹತ್ಯಾರ, ಒಳಗ ಬಂದ್ರ ಸೂತಕದ ಮನಿ ಆದಂಗ ಆಗೇತಿ!”

“ಸೂತಕದ್ದ ಅಲ್ಲೇನ್ರಿ ಆ ಹಾಡು?” ಸಾವಿತ್ರೆವ್ವ ಸಾರಿನ ಸೌಟು ಕೆಳಗಿಟ್ಟಳು. “ನಿಮಗ ಹೆಂಗ ಗೊತ್ತಾಗಬೇಕು ಬಿಡ್ರಿ. ನಾ ನನ್ನ ಮಗನ ಮುಂದ ಹಾಡುಮುಂದ ನೀವು ಹೊರಗ ಬಿದರ ಕಟ್ಟಾಕ್ಹತ್ತಿದ್ರಿ.”

ಹೊಳೆಯಪ್ಪನ ಕೈಯೊಳಗಿನ ನೀರಿನ ಗ್ಲಾಸು ಬಾಯಿಗೆ ಹೋಗಲಿಲ್ಲ. ಅವನು ಸೀಮಾಳನ್ನು ನೋಡಿದ, ರೋಜಾಳನ್ನು ನೋಡಿದ.

“ಅದ… ಇದೇನು?”

“ಯವ್ವಾ, ನನಗ ಗೊತ್ತಿರಲಿಲ್ಲ,” ಎಂದಳು ರೋಜಾ. “ಫಕೀರಣ್ಣನ ಆಣಿ, ಗೊತ್ತಿರಲಿಲ್ಲ. ಬಾಯಿಗೆ ಬಂತು, ಹಾಡಿದೆ.”

“ನಿನಗ ಗೊತ್ತಿರಲಿಲ್ಲ. ನೀ ಆಗ ಸತ್ತಂಗ ಬಿದ್ದಿದ್ದಿ. ನಿಮ್ಮಕ್ಕಗ ಗೊತ್ತಿತ್ತು. ಆಕಿ ನನ್ನ ತೊಡಿ ಹಿಡಕೊಂಡು ಕುಂತಿದ್ಲು.”

ಎಲ್ಲರೂ ಸೀಮಾಳ ಕಡೆ ತಿರುಗಿದರು. ಅವಳು ತಾಟಿನಲ್ಲಿ ಅನ್ನ ಕಲಸುತ್ತಲೇ ಇದ್ದಳು.

“ಹೂಂ, ಗೊತ್ತಿತ್ತು.”

“ಅಕ್ಕಾ!”

“ಏನ್ ಅಕ್ಕಾ? ನೀ ಕಣ್ಣು ಮುಚ್ಚಿ ಹಾಡಿದಿ, ಅಝೀಮಣ್ಣ ಎದ್ದು ನಿಂತಾ. ನಮಗ ಆ ಹೊತ್ತಿನ್ಯಾಗ ಬ್ಯಾರೆ ಏನಿತ್ತು? ಎಷ್ಟು ವರ್ಷ ಮಂದಿ ಲಗ್ನದಾಗ ಮಂದಿ ಹಾಡು ಹಾಡೂದು? ನಾ ಅಂದ್ಕೊಂಡೆ, ಅವ್ವಗ ಕೇಳಸದಂಗ ನೋಡ್ಕೊಂಡ್ರಾತು. ಹಾಡು ಛಲೋ ಬಂದಿತ್ತು, ಯವ್ವಾ. ಅದಕ್ಕ ಸುಮ್ನಿದ್ದೆ.” ಕಲಸುತ್ತಿದ್ದ ಕೈ ಎತ್ತಿ ಅವ್ವನ ಕಡೆ ತಿರುಗಿದಳು. “ಬೈಯೂದಿದ್ರ ಬೈ.”

ಸಾವಿತ್ರೆವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮಾಡದೊಳಗಿನ ಫೋಟೋವನ್ನು ಸೆರಗಿನಿಂದ ಒರೆಸಿ, ಅದರ ಮುಂದಿನ ಖಾಲಿ ತಾಟನ್ನು ಎತ್ತಿ ಒಳಗಿಟ್ಟಳು.

ಮರುದಿನ ಹೊಳೆಯಪ್ಪ ಗಾಡಿಯ ಪೆನ್‌ಡ್ರೈವ್ ಕಿತ್ತು ತಿಪ್ಪೆಗೆಸೆದ. ಏನು ಮಾಡುತ್ತಾನೆ? ಮುಂಡರಗಿಯ ತನಕ ಹೋಗಿ ಬರುವಷ್ಟರಲ್ಲಿ ಎದುರಿಗೆ ಬಂದ ಗಾಡಿಗಳಲ್ಲಿ ಅದೇ, ಚಹಾದಂಗಡಿಯಲ್ಲಿ ಅದೇ, ಗುರುತಿನವನೊಬ್ಬನ ಫೋನು ರಿಂಗಾದರೆ ಅದೇ. ಸಂಜೆ ಮನೆಗೆ ಬಂದವನು ರೊಟ್ಟಿ ಮಾರುವ ಅಂಗಡಿಯಿಂದ ಕಡಕ್ ರೊಟ್ಟಿಯ ಕಟ್ಟು ತಂದಿಟ್ಟ. ಹನಮವ್ವನಿಗೆ ಅದು ಹಲ್ಲಿಗಾಗಲಿಲ್ಲ. ಹಾಲಿನಲ್ಲಿ ನೆನೆಸಿ ಕೊಟ್ಟರೂ ಒಂದು ತುತ್ತು ನುಂಗಿ, “ಇದಕ್ಕ ಕೈ ಬಿಸಿ ಇಲ್ಲಬೇ,” ಎಂದು ಬಟ್ಟಲು ಸರಿಸಿದಳು.

ರೋಜಾ ಯಾರಿಗೂ ಹೇಳದೆ ಬೆಟಗೇರಿಗೆ ಹೋದಳು. ಕೆಳಗೆ ಮಗ್ಗ ನಡೆಯುತ್ತಿತ್ತು. ಆ ಸಪ್ಪಳದಲ್ಲೇ ಕೂಗಿ ಕೂಗಿ ಎಲ್ಲವನ್ನೂ ಹೇಳಿದಳು. ಅಝೀಮ ಕೇಳುತ್ತ ಕೇಳುತ್ತ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ತಂಗೀ, ಅಲ್ಲಾನ ಆಣಿ, ಗೊತ್ತಿದ್ರ ಮುಟ್ತಿದ್ದಿಲ್ಲ ನಾನು. ನಮ್ಮಮ್ಮನೂ ಹಿಂಗ ಅತ್ತಾಳ.”

“ತಗದುಬಿಡು ಅಣ್ಣಾ. ನನಗ ಬ್ಯಾರೆ ಏನೂ ಬ್ಯಾಡ.”

ಅವಳ ಕಣ್ಣೆದುರಿಗೇ ತೆಗೆದ. ಒತ್ತಿದ, ಹಾಡು ಇದ್ದ ಜಾಗ ಬರಿದಾಯಿತು. ರೋಜಾ ಉಸಿರು ಬಿಟ್ಟಳು. ಅಝೀಮ ಮಾತ್ರ ಮುಖ ಎತ್ತಲಿಲ್ಲ.

“ನನ್ನ ಕಡೆ ಇದ್ದದ್ದು ತಗದೆ. ಆದ್ರ ಅದು ಈಗ ನನ್ನ ಕಡೆ ಅಷ್ಟ ಇಲ್ಲವಾ. ಡಿಜೆದವ್ರ ಹತ್ರ ಐತಿ, ರೀಲ್ಸ್ ಮಾಡಾವ್ರ ಹತ್ರ ಐತಿ. ವಿಜಯಪುರದಾವ ಒಬ್ಬಾವ ಇನ್ನೂ ಜೋರ್ ಮಾಡಿ ಬಿಟ್ಟಾನ. ಯಾರ್ಯಾರಿಗೆ ಅಂತ ಕೈ ಮುಗೀಲಿ ನಾನು?”

ಬಸ್ಸಿನಲ್ಲಿ ಮುಂದಿನ ಸೀಟಿನ ಕೂಸು ಅಳುತ್ತಿತ್ತು. ಅದರ ತಾಯಿ, ರೋಜಾಳಷ್ಟೇ ವಯಸ್ಸಿನವಳು, ಫೋನು ತೆಗೆದು ಹಾಡು ಹಚ್ಚಿದಳು. ರೊಟ್ಟಿ ಸಪ್ಪಳ ಬಂತು. ಕೂಸು ಅಳು ನಿಲ್ಲಿಸಿ ಕೈ ತಟ್ಟಿತು. ತಾಯಿ ಹಿಂದೆ ತಿರುಗಿ ರೋಜಾಳಿಗೆ ಹೇಳಿದಳು: “ಇದೊಂದ ಹಾಡಿಗೆ ಸುಮ್ನಾಗತೈತಿ ನೋಡ್ರಿ.” ರೋಜಾ ಊರು ಬರುವ ಮೊದಲೇ ಇಳಿದು ಉಳಿದ ದಾರಿ ನಡೆದು ಬಂದಳು.

ಸೀಮಾ ಮುಂಡರಗಿಯ ಕಾರ್ಯಕ್ರಮಕ್ಕೆ ಒಬ್ಬಳೇ ಹೋದಳು. ಮುಂಗಡ ತೆಗೆದುಕೊಂಡಾಗಿತ್ತು, ಅದು ಅಪ್ಪನ ಗಾಡಿಯ ಟೈರಿಗೆ ಹೋಗಿಯೂ ಆಗಿತ್ತು. ಬರುವಾಗ ಅವಳ ದನಿ ಒಡೆದಿತ್ತು.

“ಹಾಡಿದೇನು?” ಎಂದು ರೋಜಾ ಬಾಗಿಲಲ್ಲೇ ಕೇಳಿದಳು.

“ಬ್ಯಾರೆ ಯಾವ್ದೂ ಕೇಳವಲ್ರು. ರೊಟ್ಟಿ, ರೊಟ್ಟಿ ಅಂತ ಒದರಿದ್ರು. ಒಬ್ಬಾವ ಸ್ಟೇಜಿನ ಮ್ಯಾಲ ರೊಟ್ಟಿ ಒಗದಾ.”

“ಹಾಡಿದೇನು ಅಂದೆ.”

“ಹಾಡಿದೆ. ಮತ್ತ ಹಾಡಿದೆ. ಇನ್ನೊಮ್ಮೆ ಅಂದ್ರು, ಹಾಡಿದೆ.” ಸೀಮಾ ಚೀಲ ಮೂಲೆಗೆ ಒಗೆದಳು. “ಕೇಳ್ತೀ ಏನು? ನನಗೀಗ ಅದ್ರಾಗ ಅಣ್ಣ ಕಾಣೂದ ಇಲ್ಲ. ಮೊದಲ ಸಲ ಕಂಡ. ಆಮ್ಯಾಲ ಬರೇ ಲೈಟು.”

ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಲಗುವರು, ಬಟ್ಟೆ ಒಗೆಯುವಾಗ ಒಬ್ಬಳು ಹಿಂಡಿದ್ದನ್ನು ಇನ್ನೊಬ್ಬಳು ಒಣಹಾಕುವಳು. ಮಾತಿಲ್ಲ.

ಹನಮವ್ವನ ಕೆಮ್ಮು ಎದೆಗಿಳಿದಿತ್ತು. ಗದಗಿನ ದವಾಖಾನೆಯಿಂದ ಮನೆಗೇ ಕರೆದೊಯ್ಯಿರಿ ಎಂದು ಕಳಿಸಿದರು. ನಡುಮನೆಯಲ್ಲಿ ಹಾಸಿಗೆ ಹಾಕಿದರು. ಒಂದು ಮಧ್ಯಾಹ್ನ ಸೊಸೆ ಬಾಯಿಗೆ ಗಂಜಿ ಹಾಕುತ್ತಿದ್ದಾಗ ಮುದುಕಿ ಚಮಚ ತಡೆದಳು.

“ಸಾವಿತ್ರೀ, ಹ್ವಾದದ್ದು ಹೋತು. ಆ ರಾಗ ಬಿಡು. ನಿನಗ ಬ್ಯಾರೆದ್ದು ಕಲಸ್ತೀನಿ, ಕಲಿ.”

“ಈಗ ಏನ್ ಕಲಿಯೂದ್ರೀ ಅತ್ತೀ…”

“ಈಗಲ್ಲದ ನಾ ಸತ್ತ ಮ್ಯಾಲ ಎದ್ದು ಬಂದು ಕಲಸಲೇನು?” ಎಂದು ಹನಮವ್ವ ನಕ್ಕಳು. ನಗು ಕೆಮ್ಮಾಯಿತು. “ನನ್ನ ಹೆಣದ ಮುಂದಿನ ಹಾಡು ನಾನ ಕಲಸೂ ಹಂಗಾತು ನೋಡು! ಹೂಂ, ಅನ್ನು: ಹಡದವ್ವ ಹೊಂಟಾಳ, ಮನಿ ಕಂಬ ಹೊಂಟೈತಿ…”

“ಹಡದವ್ವ ಹೊಂಟಾಳ, ಮನಿ ಕಂಬ…” ಸಾವಿತ್ರೆವ್ವನ ದನಿ ಎರಡು ಮಾತು ನೆಟ್ಟಗೆ ನಡೆದು, ಮೂರನೆಯದಕ್ಕೆ ತನಗೆ ಗೊತ್ತಿದ್ದ ದಾರಿಗೇ ಜಾರಿತು. ‘ಹೊಂಟೈತಿ’ ಹೋಗಿ ‘ಹೊಂಟಾವೋ’ ಆಯಿತು. ಮುದುಕಿ ತಲೆ ಅಲ್ಲಾಡಿಸಿದಳು. ಮತ್ತೊಮ್ಮೆ. ಮತ್ತೆ ಅಲ್ಲೇ ಜಾರಿತು.

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ರೋಜಾ ತಡೆಯಲಾರದೆ ಬಂದಳು. “ಆಯೀ, ನನಗ ಕಲಸಬೇ. ನಾ ಒಮ್ಮೆ ಕೇಳಿದ್ರ ಹಿಡೀತೀನಿ. ನಾ ಹಾಡ್ತೀನಿ ನಿನಗ.”

“ಬಾಯಿ ಮುಚ್ಚು! ಲಗ್ನ ಆಗದ ಹುಡುಗಿ ಹೆಣದ ಮುಂದ ಎತ್ತಬಾರದು. ಆಗ ನಿಮ್ಮಣ್ಣಗ ಎತ್ತಾಕ ಬಿಟ್ಟೇವೇನು ನಿಮ್ಮನ್ನ? ದನಿ ಕೂಡಸಬೇಕು ಅಷ್ಟ.” ಹನಮವ್ವ ಕಣ್ಣು ಮುಚ್ಚಿದಳು. ಸೊಸೆಯ ಕೈ ಹುಡುಕಿ ಹಿಡಿದಳು. “ಅದನ್ನ ಹಾಡವಾ ಹಂಗಾರ. ನಾ ಕೇಳ್ತೀನಿ. ಮಂದಿ ಏನರ ಅನ್ನಲಿ. ಸುಮ್ನ ಮಾತ್ರ ಒಯ್ಯಬ್ಯಾಡ್ರಿ.”

“ಹಾಡ್ತೀನ್ರಿ,” ಎಂದಳು ಸಾವಿತ್ರೆವ್ವ.

ಆ ಮಾತಿಗೆ ರೋಜಾ ಜೋತುಬಿದ್ದಳು. ಅವ್ವ ಹಾಡುತ್ತಾಳೆ, ಹಾಡಿದರೆ ಅದು ಮತ್ತೆ ಅವ್ವನದಾಗುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಅಂತ ಮನಸ್ಸಿಗೆ ಹೇಳಿಕೊಂಡಳು. ಆಯಿಯ ಸಾವಿನಿಂದ ಇದನ್ನು ಬಯಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಹನಮವ್ವ ಹೋದದ್ದು ಒಂದು ಮುಂಜಾನೆ, ಚಹಾ ಕುದಿಯುವ ಹೊತ್ತಿಗೆ. ಖಬರು ಹೋದಂತೆ ಓಣಿಯವರು ಬಂದರು, ಅಂತೂರ-ಬೆಂತೂರ ಊರಿನ ಬೀಗರು ಬಂದರು. ಊರಿಗೆಲ್ಲ ಅತ್ತವಳು ಅಂತ ಬಂದ ಹೆಂಗಸರೇ ಎಷ್ಟೋ. ನಡುಮನೆ ತುಂಬಿ ಪಡಸಾಲೆಗೆ ಹರಿಯಿತು. ಮೈ ತೊಳೆಸಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಹೊರಗೆ ಬಿದಿರು ಕಡಿಯುವ ಸಪ್ಪಳ ಶುರುವಾಯಿತು.

ಹೆಂಗಸರೆಲ್ಲ ಸಾವಿತ್ರೆವ್ವನ ಮುಖ ನೋಡುತ್ತಿದ್ದರು. ಯಾರೋ ಬಿಕ್ಕಿದರು, ಯಾರೋ ಮೂಗು ಒರೆಸಿದರು. ಆದರೆ ಮೊದಲು ಎತ್ತಬೇಕಾದವಳು ಸೊಸೆ.

“ಎತ್ತವಾ,” ಎಂದಳು ಮೋತಿಬಿ ಮೆಲ್ಲಗೆ. “ಮುದುಕಿ ಕಾಯಾಕ್ಹತ್ಯಾಳ.”

ಸಾವಿತ್ರೆವ್ವ ಅತ್ತೆಯ ಪಾದ ಹಿಡಿದಳು. ಒಮ್ಮೆ ಮಾಡದ ಕಡೆ ನೋಡಿದಳು.

“ರೊಟ್ಟಿ ಆರಿ ಹೊಂಟಾವ್ರೀ ಅತ್ತೀ,
ಉಣ್ಣಾಕ ಯಾವಾಗ ಬರತೀರೇ…”

ಬಾಗಿಲ ಹತ್ತಿರದ ಎಳೆಯ ಸೊಸೆಯರಿಬ್ಬರು ಒಬ್ಬರನ್ನೊಬ್ಬರು ನೋಡಿ ತಟ್ಟನೆ ತಲೆ ತಗ್ಗಿಸಿದರು. ಒಬ್ಬಳು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವಿತ್ರೆವ್ವ ಅದನ್ನು ಕಂಡಳು. ಕಂಡರೂ ಬಿಡಲಿಲ್ಲ. ಇನ್ನೂ ಮೆಲ್ಲಗೆ, ಇನ್ನೂ ಆಳದಿಂದ ಎಳೆದಳು.

“ಬಾಗಲ ತೆರದ ಕುಂತೇನ್ರೀ ಅತ್ತೀ…”

ಹಿರಿಯ ಹೆಂಗಸರು ದನಿ ಕೂಡಿಸಿದರು. ಒಬ್ಬಳು, ಇನ್ನೊಬ್ಬಳು. ಮೋತಿಬಿ ಎದೆ ಬಡಿದುಕೊಂಡಳು. ಎದುರಿನ ಗೋಡೆಯ ಕೆಳಗೆ ಕೂತಿದ್ದ ಸೀಮಾ ಒಡೆದ ದನಿಯಲ್ಲೇ ಸೇರಿದಳು, ಕಣ್ಣೀರು ಗಲ್ಲದ ಮೇಲೆ ಹಾಗೆಯೇ ಬಿಟ್ಟು. ಅಗೋ, ಬಂತು. ಕುಣಿತವಲ್ಲ, ಅಳುವೇ. ಅವ್ವನದೇ. ರೋಜಾಳ ಎದೆಯೊಳಗೆ ಎಷ್ಟೋ ವಾರಗಳಿಂದ ಕಟ್ಟಿಕೊಂಡದ್ದು ಕಿತ್ತುಬಂತು, ಅವಳು ಗೋಳೋ ಎಂದು ಅತ್ತಳು, ಆಯಿಗೆ, ಅಣ್ಣನಿಗೆ, ಅಂದು ಅಳದೆ ಉಳಿದದ್ದನ್ನೆಲ್ಲ.

ಸಾವಿತ್ರೆವ್ವ ಮುಂದಿನ ಸಾಲಿಗೆ ಉಸಿರು ತೆಗೆದುಕೊಂಡಳು. ಎಲ್ಲರೂ ಅವಳಿಗಾಗಿ ದನಿ ತಡೆದರು.

ದನಿ ತಡೆದ ಆ ಹೊತ್ತಿನಲ್ಲಿ ಒಂದು ಸಪ್ಪಳ ಕೇಳಿಬಂತು. ತಪ್ ತಪ್ ತಪ್, ಒಂದು ಬಿಡುವು. ತಪ್ ತಪ್ ತಪ್, ಒಂದು ಬಿಡುವು.

ಸಾವಿತ್ರೆವ್ವನ ಕಣ್ಣು ನೆಲದ ಮೇಲೆ ಹುಡುಕಿತು. ಬಂದು ರೋಜಾಳ ಮೇಲೆ ನಿಂತಿತು. ಅವಳ ಮುಖದ ಮೇಲಲ್ಲ. ರೋಜಾ ಅವ್ವ ನೋಡುತ್ತಿದ್ದ ಕಡೆ ನೋಡಿದಳು. ಮಡಿಸಿ ಕೂತ ಅವಳದೇ ಕಾಲಿನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು.

ಎರಡೂ ಕೈಯಿಂದ ಹಿಡಿದಳು. ಉಗುರು ನಾಟುವಂತೆ ಹಿಡಿದಳು. “ಯವ್ವಾ,” ಎಂದಳು, “ಯವ್ವಾ, ಹಾಡಬೇ. ನಾ ಎದ್ದು ಹೊರಗ ಹೋಗ್ತೀನಿ. ಹಾಡು.”

ಸಾವಿತ್ರೆವ್ವನ ಬಾಯಿ ತೆರೆದೇ ಇತ್ತು. ಆ ಉಸಿರು ಹಾಡಾಗಲಿಲ್ಲ, ಬರೀ ಉಸಿರಾಗಿಯೇ ಹೊರಗೆ ಬಂತು. ಅವಳು ಅತ್ತೆಯ ಪಾದದ ಮೇಲಿಂದ ಕೈ ತೆಗೆದು, ಆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಮೋತಿಬಿ ಭುಜ ಅಲುಗಿಸಿದಳು. ಸೀಮಾ ಎದುರಿನಿಂದ “ಯವ್ವಾ” ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನಾರು ಎತ್ತಬೇಕು? ಇಂಥ ಹೊತ್ತಿನಲ್ಲಿ ಎತ್ತಿಕೊಡುತ್ತಿದ್ದವಳು ಗೋಡೆಗೆ ಒರಗಿ ಕೂತಿದ್ದಳು.

ಹೊರಗೆ ಬಿದಿರಿನ ಸಪ್ಪಳವೂ ನಿಂತಿತು. ಒಳಗಿನ ದನಿ ನಿಂತದ್ದನ್ನು ಕೇಳಿ ಹೊಳೆಯಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದ. ಅವನ ಹಿಂದೆ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಸೋಮೇಶ.

“ಆತೇನು?” ಎಂದ ಹೊಳೆಯಪ್ಪ. “ಎತ್ತೂಣೇನು?”

ರೋಜಾ ಕಾಲು ಬಿಡದೆ ಅವ್ವನನ್ನು ನೋಡಿದಳು.

“ಆತ್ರಿ,” ಎಂದಳು ಸಾವಿತ್ರೆವ್ವ. “ಎತ್ರಿ.”